ಪ್ರೊಗ್ರೆಸಿವ್ ಕನ್ನಡಕದ ಅಭ್ಯಾಸ ಎಲ್ಲಿಯವರೆಗೆ?

ಪ್ರೊಗ್ರೆಸಿವ್ ಕನ್ನಡಕ, ಅಂದರೆ ದೂರದ ನಂಬರೂ ಹತ್ತಿರದ ನಂಬರೂ ಗೆರೆಯಿಲ್ಲದೆ ಒಂದೇ ಗಾಜಿನಲ್ಲಿರುವ ಕನ್ನಡಕ, ಮಾಡಿಸಿಕೊಂಡವರಿಗೆ ಅಂಗಡಿಯಲ್ಲಿ ದುಡ್ಡಿಲ್ಲದೆ ಸಿಗುವುದು ಮೂರು: ಕನ್ನಡಕದ ಡಬ್ಬಿ, ಒರೆಸುವ ಬಟ್ಟೆ ಮತ್ತು “ಅಭ್ಯಾಸ ಆಗುತ್ತೆ ಮೇಡಂ” ಎನ್ನುವ ಮಾತು. ಮೊದಲೆರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಮಾತ್ರ ಅರ್ಧ ನಿಜ. ಈ ಕನ್ನಡಕ ಕೊಡುವ ಕಿರಿಕಿರಿಗಳಲ್ಲಿ ಕೆಲವನ್ನು ಮಿದುಳು ತಾನಾಗಿಯೇ ಕಲಿತು ಮರೆಸಿಬಿಡುತ್ತದೆ. ಕೆಲವು ಅಳತೆಯ ದೋಷದಿಂದ ಹುಟ್ಟಿದವಾದ್ದರಿಂದ ಎಷ್ಟು ತಿಂಗಳು ಹಾಕಿಕೊಂಡರೂ ಹೋಗುವುದಿಲ್ಲ. ಇನ್ನು ಕೆಲವು ಆ ಗಾಜಿನ ಸ್ವಭಾವದಲ್ಲೇ ಇರುವಂಥವು, ಅವುಗಳಿಗೆ ಯಾರೂ ಹೊಣೆಯಲ್ಲ. ಎಲ್ಲವನ್ನೂ ಒಂದೇ ಮಾತಿನಲ್ಲಿ ಸಾಗಹಾಕಿದರೆ, ಕೈತುಂಬ ಹಣ ತೆತ್ತು ಮಾಡಿಸಿದ ಕನ್ನಡಕ “ನನಗೆ ಅದು ಆಗಿಬರಲಿಲ್ಲ” ಎಂಬ ತೀರ್ಪಿನೊಂದಿಗೆ ಬೀರುವಿನ ಮೂಲೆ ಸೇರುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿಯೇ ಅಂಥ ಕನ್ನಡಕಗಳ ಒಡೆಯರು ಹಲವರಿದ್ದಾರೆ.

ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಹೈಸ್ಕೂಲಿನಿಂದಲೂ ಸಮೀಪದೃಷ್ಟಿ ಇದೆ. ಈಗ ಎರಡೂ ಕಣ್ಣಿಗೆ ಮೈನಸ್ 2.25. ಈ ನಂಬರಿನವರಿಗೆ ಚಾಳೀಸು ಬಂದದ್ದು ಬೇಗ ತಿಳಿಯುವುದಿಲ್ಲ, ಅದಕ್ಕೆ ಕಾರಣವೂ ಸರಳ. ಒಂದನ್ನು 2.25ರಿಂದ ಭಾಗಿಸಿದರೆ 0.44 ಬರುತ್ತದೆ, ಅಂದರೆ ಕನ್ನಡಕ ತೆಗೆದರೆ ನನ್ನ ಕಣ್ಣು ಯಾವ ಶ್ರಮವೂ ಇಲ್ಲದೆ 44 ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟವಾಗಿ ನೋಡುತ್ತದೆ. ಪುಸ್ತಕ ಹಿಡಿಯುವ ದೂರ ಬಹುಮಟ್ಟಿಗೆ ಅದೇ ಆದ್ದರಿಂದ ಓದುವಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಂಡರೆ ಕೆಲಸ ಮುಗಿಯಿತು. ಎಳವೆಯಿಂದ ಕಣ್ಣು ಚೆನ್ನಾಗಿದ್ದು ನಲವತ್ತೈದರಲ್ಲಿ ಮೊದಲ ಬಾರಿಗೆ ಕನ್ನಡಕದ ಅಂಗಡಿ ಹತ್ತುವವರಿಗೆ ಈ ಸೌಲಭ್ಯವಿಲ್ಲ. ಅವರು ಪತ್ರಿಕೆಯನ್ನು ದೂರ ದೂರ ಹಿಡಿಯುತ್ತ ಹೋಗಿ ಕೊನೆಗೆ ಕೈಯೇ ಸಾಲದೆ ಸೋಲೊಪ್ಪುತ್ತಾರೆ.

ಆದರೆ ಏರಿಸಿ ಇಳಿಸುವ ಈ ಉಪಾಯ ತರಗತಿಯಲ್ಲಿ ನಡೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಓದಬೇಕು, ಕೊನೆಯ ಬೆಂಚಿನಲ್ಲಿ ಯಾರು ಯಾರ ಹೆಸರಿಗೆ ಎದ್ದು ನಿಂತರೆಂದು ನೋಡಬೇಕು, ಮರುಕ್ಷಣ ಮತ್ತೆ ಹಾಜರಿ ಪುಸ್ತಕ. ಪ್ರಯೋಗಾಲಯದಲ್ಲಂತೂ ಒಬ್ಬ ವಿದ್ಯಾರ್ಥಿಯ ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಯಾವ ಗೆರೆ ಯಾವ ಗೆರೆಗೆ ಕೂಡಿದೆಯೆಂದು ಬಗ್ಗಿ ನೋಡಿ ತಲೆ ಎತ್ತುವಷ್ಟರಲ್ಲಿ ಆಚೆ ಮೇಜಿನಲ್ಲಿ ಇನ್ನೊಬ್ಬ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸುತ್ತಿರುತ್ತಾನೆ. ಕಣ್ಣಿನ ಡಾಕ್ಟರು ಚೀಟಿಯಲ್ಲಿ ‘ಆ್ಯಡ್’ ಎಂಬ ಅಂಕಣದಲ್ಲಿ 1.75 ಎಂದು ಬರೆದು, ಪ್ರೊಗ್ರೆಸಿವ್ ಹಾಕಿಸಿಕೊಳ್ಳಿ ಎಂದಾಗ ನನಗೆ ಬೇರೆ ದಾರಿಯೂ ಇರಲಿಲ್ಲ.

ಈ ‘ಆ್ಯಡ್’ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಕಣ್ಣಿನೊಳಗಿನ ಮಸೂರ ಎಳೆಯ ವಯಸ್ಸಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಸಿಲಿಯರಿ ಸ್ನಾಯು ಬಿಗಿಯುತ್ತಲೇ ಅದು ಉಬ್ಬಿ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಹತ್ತು ವರ್ಷದ ಮಗುವಿನಲ್ಲಿ ಹೀಗೆ ಹೆಚ್ಚಿಸಿಕೊಳ್ಳುವ ಸಾಮರ್ಥ್ಯ 12ರಿಂದ 14 ಡಯಾಪ್ಟರಿನಷ್ಟು (ಮಸೂರದ ಶಕ್ತಿಯನ್ನು ಅಳೆಯುವ ಮಾನ ಇದು; ಕನ್ನಡಕದ ನಂಬರೂ ಇದರಲ್ಲೇ) ಇರುತ್ತದೆ. ನಲವತ್ತರ ಹೊತ್ತಿಗೆ ಅದು ನಾಲ್ಕೈದಕ್ಕೆ ಇಳಿಯುತ್ತದೆ, ಅರವತ್ತರ ಹೊತ್ತಿಗೆ ಒಂದರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸ್ನಾಯು ಸೋತಿತೆಂದು ಅನೇಕರು ತಿಳಿಯುತ್ತಾರೆ, ಮೊಬೈಲಿನ ತುಂಬ ಕಣ್ಣಿನ ವ್ಯಾಯಾಮದ ವಿಡಿಯೋಗಳು ಹರಿದಾಡುವುದೂ ಅದೇ ನಂಬಿಕೆಯ ಮೇಲೆ. ಮುಖ್ಯ ಕಾರಣ ಮಸೂರವೇ ಗಡುಸಾಗಿ ಉಬ್ಬಲು ಒಪ್ಪದಿರುವುದು. ನಲವತ್ತು ಸೆಂಟಿಮೀಟರ್ ದೂರದ ಪುಟ ಓದಲು 2.5 ಡಯಾಪ್ಟರ್ ಬೇಕು. ಇರುವ ಸಾಮರ್ಥ್ಯದಲ್ಲಿ ಅರ್ಧದಷ್ಟನ್ನು ಮಾತ್ರ ಆಯಾಸವಿಲ್ಲದೆ ಬಹಳ ಹೊತ್ತು ಬಳಸಬಹುದು. ಹೀಗಾಗಿ ಐದರ ಅರ್ಧ ಎರಡೂವರೆ ಎಂಬ ಗಡಿ ದಾಟುವ ವಯಸ್ಸೇ ಚಾಳೀಸಿನ ವಯಸ್ಸು. ಕೊರತೆ ಬಿದ್ದ ಭಾಗವನ್ನು ಗಾಜು ತುಂಬಿಕೊಡಬೇಕು. ಆ ತುಂಬಿಕೊಡುವ ಲೆಕ್ಕವೇ ಆ್ಯಡ್. ನನ್ನ ಗಾಜಿನ ಮೇಲ್ಭಾಗದಲ್ಲಿ ಮೈನಸ್ 2.25 ಇದ್ದರೆ ಓದುವ ಕೆಳಭಾಗದಲ್ಲಿ ಮೈನಸ್ 0.50 ಮಾತ್ರ ಇದೆ.

ಒಂದೇ ಚೌಕಟ್ಟಿನಲ್ಲಿ ಎರಡು ಶಕ್ತಿಗಳನ್ನು ಕೂಡಿಸುವ ಯೋಚನೆ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಬರೆದ ಒಂದು ಪತ್ರದಲ್ಲಿ, ಎರಡು ಜೊತೆ ಕನ್ನಡಕ ಬದಲಿಸುವ ರಗಳೆ ಬೇಡವೆಂದು ಗಾಜುಗಳನ್ನು ಅರ್ಧಕ್ಕೆ ಕೊಯ್ಯಿಸಿ ಮೇಲೊಂದು ಕೆಳಗೊಂದು ಕೂಡಿಸಿಕೊಂಡದ್ದನ್ನು ವರ್ಣಿಸಿದ್ದಾನೆ. ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳ ಮೂಗಿನ ಮೇಲೆ, ಕೆಳಗಡೆ ಅರ್ಧಚಂದ್ರದಂಥ ತುಂಡು ಕಾಣುವ ಬೈಫೋಕಲ್ ಇದ್ದೇ ಇರುತ್ತಿತ್ತು. ಅದರಲ್ಲಿ ನೋಟ ಗೆರೆ ದಾಟುವಾಗ ಎದುರಿನ ವಸ್ತು ತಟ್ಟನೆ ಜಿಗಿದಂತಾಗುತ್ತದೆ. ಅಲ್ಲದೆ ದೂರಕ್ಕೂ ಹತ್ತಿರಕ್ಕೂ ನಡುವಿನ ತೋಳಳತೆಯ ಜಗತ್ತು ಯಾವ ಭಾಗಕ್ಕೂ ಸರಿಯಾಗಿ ಸಿಕ್ಕುವುದಿಲ್ಲ. ಫ್ರಾನ್ಸಿನ ಬರ್ನಾರ್ಡ್ ಮೇತನಾಜ್ ಎಂಬ ಎಂಜಿನಿಯರು ತಮ್ಮ ತಂದೆಯ ಬೈಫೋಕಲ್ ಕಂಡು, ಶಕ್ತಿ ಒಮ್ಮೆಲೇ ಬದಲಾಗದೆ ಮೇಲಿನಿಂದ ಕೆಳಕ್ಕೆ ಜಾರಿದಂತೆ ಹೆಚ್ಚುವ ಗಾಜು ಮಾಡಬಾರದೇಕೆ ಎಂದು ಹೊರಟರು. ಅವರ ವಾರಿಲಕ್ಸ್ 1959ರಲ್ಲಿ ಮಾರುಕಟ್ಟೆಗೆ ಬಂತು. ಇಂದು ನಾವು ಪ್ರೊಗ್ರೆಸಿವ್ ಎನ್ನುವುದೆಲ್ಲ ಆ ಗಾಜಿನ ಸಂತಾನ. ಹತ್ತನೆಯ ತರಗತಿಯ ವಿಜ್ಞಾನ ಪಾಠ ಇಂದಿಗೂ ಬೈಫೋಕಲ್‌ವರೆಗೆ ಬಂದು ಅಲ್ಲೇ ನಿಂತಿರುವುದು ಮೇಷ್ಟರುಗಳ ವಯಸ್ಸನ್ನು ನೋಡಿದರೆ ವಿಚಿತ್ರವೇ ಸರಿ.

ಗೆರೆ ಹೋಯಿತು, ಜಿಗಿತವೂ ಹೋಯಿತು, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಗಾಜಿನ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ನೋಟ ಶುದ್ಧವಾಗಿರುತ್ತದೆ; ಅಂಗಡಿಯವರು ಅದನ್ನು ಕಾರಿಡಾರ್ ಎನ್ನುತ್ತಾರೆ. ಅದರ ಎಡಬಲಕ್ಕೆ ಬೇಡದ ಅಸ್ಟಿಗ್ಮ್ಯಾಟಿಸಂ (ಒಂದೊಂದು ದಿಕ್ಕಿನಲ್ಲಿ ಒಂದೊಂದು ಶಕ್ತಿಯಿರುವ ದೋಷ) ಸೇರಿಕೊಂಡು ವಸ್ತುಗಳು ಮಸುಕಾಗಿ, ಓರೆಯಾಗಿ ಕಾಣುತ್ತವೆ. ಇದನ್ನು ಕಂಪನಿಯ ಅಸಡ್ಡೆ ಎಂದು ನಾನು ಮೊದಲಿಗೆ ಬೈದುಕೊಳ್ಳಲಿಲ್ಲವೆಂದರೆ ಅದಕ್ಕೆ ಕಾರಣ, ಗುಂಟರ್ ಮಿಂಕ್ವಿಟ್ಸ್ ಎಂಬ ಜರ್ಮನ್ ಗಣಿತಜ್ಞ 1963ರಲ್ಲಿ ಸಾಧಿಸಿ ತೋರಿಸಿದ ಪ್ರಮೇಯ ನನಗೆ ಪರಿಚಿತವಾಗಿತ್ತು. ಪಟ್ಟಿಯ ಉದ್ದಕ್ಕೆ ಶಕ್ತಿ ಯಾವ ವೇಗದಲ್ಲಿ ಬದಲಾಗುತ್ತದೆಯೋ, ಪಟ್ಟಿಯಿಂದ ಅಡ್ಡಕ್ಕೆ ಸರಿದಂತೆ ಅಸ್ಟಿಗ್ಮ್ಯಾಟಿಸಂ ಅದರ ಎರಡರಷ್ಟು ವೇಗದಲ್ಲಿ ಏರುತ್ತದೆ ಎಂಬುದೇ ಆ ಪ್ರಮೇಯ. ಅಂದರೆ ಮಸುಕನ್ನು ಯಾವ ಕಂಪನಿಯೂ ತೆಗೆದುಹಾಕಲಾರದು. ಅಲ್ಲಿಂದಿಲ್ಲಿಗೆ ಸರಿಸಬಹುದು, ಒಂದೆಡೆ ಗುಡ್ಡೆ ಹಾಕಬಹುದು ಅಥವಾ ಗಾಜಿನ ತುಂಬ ತೆಳುವಾಗಿ ಹರಡಬಹುದು, ಅಷ್ಟೆ.

ನನ್ನ ಗಾಜಿಗೇ ಈ ಲೆಕ್ಕವನ್ನು ಹಚ್ಚಿ ನೋಡೋಣ. ಆ್ಯಡ್ 1.75, ಕಾರಿಡಾರಿನ ಉದ್ದ 14 ಮಿಲಿಮೀಟರ್. ಶಕ್ತಿ ಪ್ರತಿ ಮಿಲಿಮೀಟರಿಗೆ 0.125 ಡಯಾಪ್ಟರ್ ಏರುತ್ತದೆ, ಅಡ್ಡಕ್ಕೆ ಅಸ್ಟಿಗ್ಮ್ಯಾಟಿಸಂ 0.25 ಏರುತ್ತದೆ. ಅರ್ಧ ಡಯಾಪ್ಟರಿನವರೆಗಿನ ಮಸುಕನ್ನು ಕಣ್ಣು ಸಹಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೆ ನಡುಗೆರೆಯಿಂದ ಆಚೆಗೆರಡು ಈಚೆಗೆರಡು, ಒಟ್ಟು ನಾಲ್ಕು ಮಿಲಿಮೀಟರ್ ಅಗಲದ ಓಣಿ ನನ್ನ ಪಾಲಿನದು. ಕಣ್ಣು ಹೊರಳುವ ಕೇಂದ್ರ ಗಾಜಿನಿಂದ ಸುಮಾರು 27 ಮಿಲಿಮೀಟರ್ ಹಿಂದೆ ಇರುವುದರಿಂದ, ಅರವತ್ತು ಸೆಂಟಿಮೀಟರ್ ದೂರದ ಕಂಪ್ಯೂಟರ್ ಪರದೆಯ ಮೇಲೆ ಈ ಓಣಿ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲವನ್ನು ತೆರೆದು ತೋರಿಸುತ್ತದೆ. ಇಡೀ ಸಾಲನ್ನು ಒಂದೇ ನೋಟದಲ್ಲಿ ಓದಲಾಗದೆ ತಲೆಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಕುಳಿತುಕೊಳ್ಳಬೇಕಾಗುವುದು ಇದರಿಂದಲೇ. ಇದೇ ಕಾರಿಡಾರಿನಲ್ಲಿ ಆ್ಯಡ್ ಕೇವಲ 1.00 ಆಗಿದ್ದಿದ್ದರೆ ಓಣಿಯ ಅಗಲ ಏಳು ಮಿಲಿಮೀಟರ್ ಆಗುತ್ತಿತ್ತು. ನಲವತ್ತೆರಡು, ನಲವತ್ತಮೂರರಲ್ಲೇ ಪ್ರೊಗ್ರೆಸಿವ್ ಹಾಕಿದವರು ಸಲೀಸಾಗಿ ಒಗ್ಗಿಕೊಳ್ಳುವುದೂ, ಐವತ್ತೈದರವರೆಗೆ ಮುಂದೂಡಿ 2.25 ಆ್ಯಡ್‌ನೊಂದಿಗೆ ಶುರುಮಾಡಿದವರು ತಿಂಗಳುಗಟ್ಟಲೆ ಪರದಾಡುವುದೂ ಈ ಭಾಗಾಕಾರದಲ್ಲೇ ಅಡಗಿವೆ.

ದುಬಾರಿ ಗಾಜು ಕೊಂಡರೆ ಈ ಓಣಿ ಅಗಲವಾಗುವುದಿಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಮಸುಕನ್ನು ಎಲ್ಲಿ ಬಚ್ಚಿಡಬೇಕೆಂಬ ಜಾಣತನದಲ್ಲಿ ಗಾಜಿನಿಂದ ಗಾಜಿಗೆ ವ್ಯತ್ಯಾಸವಿದೆ. ಈಗಿನ ಡಿಜಿಟಲ್ ಯಂತ್ರಗಳು ಪ್ರತಿಯೊಬ್ಬರ ನಂಬರಿಗೂ ಚೌಕಟ್ಟಿಗೂ ತಕ್ಕಂತೆ ಮೇಲ್ಮೈಯನ್ನು ಕೆತ್ತಿ ಕೊಡಬಲ್ಲವು, ಅದರ ಪ್ರಯೋಜನವೂ ನಿಜವೇ. ಆದರೆ ಕೆಲವು ಸಾವಿರದಿಂದ ಹಿಡಿದು ಮೂವತ್ತು ನಲವತ್ತು ಸಾವಿರದವರೆಗಿನ ದರಪಟ್ಟಿಯಲ್ಲಿ ಮೇಲೆ ಹೋದಂತೆ ಮಿಂಕ್ವಿಟ್ಸನ ಪ್ರಮೇಯದಿಂದ ವಿನಾಯಿತಿ ಸಿಗುತ್ತದೆ ಎಂಬಂತೆ ತೋರಿಸುವ ಬಣ್ಣದ ಚಿತ್ರಗಳನ್ನು ನಾನು ನಂಬುವುದಿಲ್ಲ. ನಡುವಿನ ದರದ ಗಾಜನ್ನು ಸರಿಯಾದ ಅಳತೆಯಲ್ಲಿ ಕೂಡಿಸಿದರೆ, ಅತಿ ದುಬಾರಿ ಗಾಜನ್ನು ಅಂದಾಜಿನಲ್ಲಿ ಕೂಡಿಸಿದ್ದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಕನ್ನಡಕ ಹಾಕಿಕೊಂಡ ಮೊದಲ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಸುಕಲ್ಲ, ಚಲನೆ. ತಲೆ ತಿರುಗಿಸಿದರೆ ಕೋಣೆಯ ಗೋಡೆಗಳು ಒಂದಿಷ್ಟು ತಡವಾಗಿ ಬಂದು ಸೇರಿದಂತೆ, ಬಾಗಿಲ ಚೌಕಟ್ಟು ಬಾಗಿ ಮತ್ತೆ ನೆಟ್ಟಗಾದಂತೆ ಅನಿಸುತ್ತಿತ್ತು. ಬೆಳಿಗ್ಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ರಂಗೋಲಿಯ ಚುಕ್ಕಿ ಇಟ್ಟರೆ ನೇರ ಸಾಲಿನ ತುದಿಗಳು ಎರಡೂ ಕಡೆ ಕೆಳಕ್ಕೆ ಬಳುಕಿಕೊಂಡಿರುತ್ತಿದ್ದವು. ಕನ್ನಡಕ ತೆಗೆದು ನೋಡಿದರೆ ಸಾಲು ಸರಿಯಾಗಿಯೇ ಇರುತ್ತಿತ್ತು. ನಮ್ಮ ತಲೆ ಬಲಕ್ಕೆ ತಿರುಗಿದಾಗ ಒಳಗಿವಿಯ ಸೂಚನೆಯಂತೆ ಕಣ್ಣುಗಳು ಅಷ್ಟೇ ವೇಗದಲ್ಲಿ ಎಡಕ್ಕೆ ಹೊರಳಿ ನೋಟವನ್ನು ಸ್ಥಿರವಾಗಿ ಹಿಡಿದಿಡುತ್ತವೆ. ಎಷ್ಟು ತಿರುಗಿದರೆ ಎಷ್ಟು ಹೊರಳಬೇಕು ಎಂಬ ಅನುಪಾತವನ್ನು ಹಳೆಯ ಕನ್ನಡಕದ ಮೂಲಕ ವರ್ಷಗಟ್ಟಲೆ ನೋಡಿ ಮಿದುಳು ನಿಗದಿಮಾಡಿಕೊಂಡಿರುತ್ತದೆ. ಪ್ರೊಗ್ರೆಸಿವ್ ಗಾಜಿನಲ್ಲಿ ಶಕ್ತಿ ಜಾಗದಿಂದ ಜಾಗಕ್ಕೆ ಬೇರೆಯಾದ್ದರಿಂದ ಬಿಂಬದ ಗಾತ್ರವೂ ಅದು ಸರಿಯುವ ವೇಗವೂ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ, ಹಳೆಯ ಅನುಪಾತ ಎಲ್ಲಿಯೂ ಪೂರ್ತಿ ಹೊಂದುವುದಿಲ್ಲ. ಹೊಂದದೆ ಉಳಿದ ಆ ಚೂರೇ ಜಗತ್ತು ತೇಲಿದಂತೆ ತೋರುವುದಕ್ಕೂ ಸಣ್ಣ ಓಕರಿಕೆಗೂ ಕಾರಣ.

ಇದನ್ನು ಕಲಿಯುವ ಕೆಲಸ ಮಿದುಳಿನದು, ಅದರಲ್ಲೂ ಮುಖ್ಯವಾಗಿ ಹಿಂಭಾಗದ ಕಿರುಮಿದುಳಿನದು, ಮತ್ತು ಅದು ಈ ಕೆಲಸದಲ್ಲಿ ಬಹಳ ಚುರುಕು. 1890ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಸ್ಟ್ರಾಟನ್ ಒಂದು ಕಣ್ಣನ್ನು ಮುಚ್ಚಿ, ಇನ್ನೊಂದಕ್ಕೆ ಜಗತ್ತನ್ನೇ ತಲೆಕೆಳಗಾಗಿ ತೋರಿಸುವ ಮಸೂರ ತೊಟ್ಟು ದಿನಗಳನ್ನು ಕಳೆದರು. ಮೊದಮೊದಲು ಕೈ ಚಾಚಿದರೆ ವಸ್ತು ಸಿಕ್ಕುತ್ತಿರಲಿಲ್ಲ. ಎಂಟು ದಿನ ತುಂಬುವ ಹೊತ್ತಿಗೆ ಅವರು ಸಾಕಷ್ಟು ಸರಾಗವಾಗಿ ಓಡಾಡುತ್ತಿದ್ದರು. ಅದಕ್ಕೆ ಹೋಲಿಸಿದರೆ ಒಂದೂಮುಕ್ಕಾಲು ಡಯಾಪ್ಟರಿನ ಏರಿಳಿತ ಏನೇನೂ ಅಲ್ಲ. ಆದರೆ ಕಲಿಕೆಗೆ ಒಂದು ನಿಯಮವಿದೆ: ಮಿದುಳಿಗೆ ಒಂದೇ ಪಾಠ ಬಿಡದೆ ಸಿಗಬೇಕು. ಬೆಳಿಗ್ಗೆ ಹೊಸದು, ಮಧ್ಯಾಹ್ನ ತಲೆನೋವೆಂದು ಹಳೆಯದು, ಸಂಜೆ ಮದುವೆಮನೆಗೆ ಮತ್ತೆ ಹೊಸದು ಎಂದು ಬದಲಿಸುವವರಿಗೆ ಎರಡೂ ಒಗ್ಗುವುದಿಲ್ಲ. ಹಳೆಯದನ್ನು ಕೈಗೆಟುಕದ ಹಾಗೆ ಅಟ್ಟದ ಮೇಲಿಟ್ಟು, ಎದ್ದ ಹೊತ್ತಿನಿಂದ ಮಲಗುವವರೆಗೆ ಹೊಸದನ್ನೇ ಹಾಕಿಕೊಂಡರೆ ತೇಲಾಟ ಸಾಮಾನ್ಯವಾಗಿ ಎರಡು ವಾರದೊಳಗೆ ಅಡಗುತ್ತದೆ. ನನಗೂ ಹಾಗೆಯೇ ಆಯಿತು. ಯಾವ ದಿನ ಬಾಗಿಲು ಬಾಗುವುದನ್ನು ನಿಲ್ಲಿಸಿತೆಂಬುದು ನನ್ನ ಗಮನಕ್ಕೇ ಬರಲಿಲ್ಲ.

ಇನ್ನೊಂದು ಬಗೆಯ ಕಲಿಕೆಯನ್ನು ಮಾತ್ರ ಮಿದುಳಿಗೆ ಬಿಟ್ಟು ಕೂರಲಾಗುವುದಿಲ್ಲ, ಕುತ್ತಿಗೆಯಿಂದ ಮಾಡಿಸಬೇಕು. ಯಾವುದನ್ನು ನೋಡಬೇಕೋ ಅತ್ತ ಮೂಗನ್ನು ತಿರುಗಿಸಿ, ಆಮೇಲೆ ದೂರಕ್ಕೆ ತಕ್ಕಂತೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದೇ ಇದರ ಸಾರ. ಓದುವಾಗ ತಲೆ ಬಗ್ಗಿಸದೆ ಕಣ್ಣು ಮಾತ್ರ ಇಳಿಸಬೇಕು. ಮೆಟ್ಟಿಲಿಳಿಯುವಾಗ ಇದಕ್ಕೆ ನೇರ ವಿರುದ್ಧವಾಗಿ ಕಣ್ಣು ಇಳಿಸದೆ ಗಲ್ಲವನ್ನು ಎದೆಗೆ ತಾಗುವಂತೆ ಬಗ್ಗಿಸಬೇಕು. ನನ್ನ ಗಾಜಿನ ಕೆಳಭಾಗದಲ್ಲಿ 57 ಸೆಂಟಿಮೀಟರಿನಿಂದಾಚೆ ಇರುವುದೆಲ್ಲ ಮಸುಕು, ನನ್ನ ಪಾದವೋ ಕಣ್ಣಿನಿಂದ ಒಂದೂವರೆ ಮೀಟರ್ ಕೆಳಗಿದೆ. ಹಾಗಾಗಿ ಕಣ್ಣಿಳಿಸಿ ನೋಡಿದರೆ ಮೆಟ್ಟಿಲಿನ ಅಂಚು ಇದ್ದಲ್ಲಿ ಕಾಣುವುದಿಲ್ಲ. ಸೀರೆಯ ನೆರಿಗೆಯೂ ಅಡ್ಡ ಬರುವ ನಮ್ಮಂಥವರು ಇದನ್ನು ಮೊದಲ ದಿನವೇ ಕಲಿಯುವುದು ಒಳ್ಳೆಯದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಯಾವ ತೊಡಕೂ ಇಲ್ಲ, ಏಕೆಂದರೆ ಮುಂದಿನ ಮೆಟ್ಟಿಲು ಕಣ್ಣಿಗೆ ಹತ್ತಿರವಿರುತ್ತದೆ ಮತ್ತು ಅದು ಎದುರಿಗೇ ಇರುತ್ತದೆ. ಇಳಿಯುವಾಗ ಮಾತ್ರ ನಾನು ಕೆಲವು ವಾರ ಪಕ್ಕದ ಕಂಬಿಯ ಆಸರೆ ಬಿಡಲಿಲ್ಲ. ಸ್ಕೂಟರನ್ನೂ ಮನೆಯಲ್ಲೇ ನಿಲ್ಲಿಸಿದ್ದೆ, ಏಕೆಂದರೆ ಅದರ ಕನ್ನಡಿಯನ್ನು ನಾವು ನೋಡುವುದು ಕಡೆಗಣ್ಣಿನಿಂದ, ಪ್ರೊಗ್ರೆಸಿವ್ ಗಾಜಿನ ಕಡೆಗಣ್ಣಿನ ಜಾಗದಲ್ಲಿ ಇರುವುದೇ ಮಸುಕು. ಕತ್ತು ತಿರುಗಿಸಿ ಕನ್ನಡಿ ನೋಡುವ ರೂಢಿಯಾದ ಮೇಲೆಯೇ ಮತ್ತೆ ಬೀದಿಗಿಳಿಸಿದೆ.

ಇಷ್ಟೆಲ್ಲ ಒಗ್ಗಿದ ಮೇಲೂ ಒಂದು ತೊಂದರೆ ಮಾತ್ರ ಹಟ ಹಿಡಿದು ಉಳಿದುಕೊಂಡಿತ್ತು. ಪುಟವನ್ನು ಮುಖದ ನೇರಕ್ಕೆ ಹಿಡಿದರೆ ಅಕ್ಷರಗಳು ಚೂಪಾಗುತ್ತಿರಲಿಲ್ಲ. ಎಡಕ್ಕೆ ಒಂದಿಷ್ಟು ಸರಿಸಿದರೆ ಎರಡೂ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಬಲಕ್ಕೆ ಸರಿಸಿದರೆ ಇನ್ನಷ್ಟು ಕೆಡುತ್ತಿತ್ತು. ಜೊತೆಗೆ ಓದಲು ಗಲ್ಲವನ್ನು ಮೇಲೆತ್ತಲೇಬೇಕಿತ್ತು, ಸಂಜೆಯ ಹೊತ್ತಿಗೆ ಹಿಂಗುತ್ತಿಗೆ ಸೆಟೆದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಅದೇ ಉತ್ತರ: ಇನ್ನೂ ಸ್ವಲ್ಪ ದಿನ ಹಾಕಿ ಮೇಡಂ, ಅಭ್ಯಾಸ ಆಗುತ್ತೆ. ತೇಲಾಟ ನಿಂತ ಮೇಲೂ ಪುಟವನ್ನು ಒಂದು ಬದಿಗೆ ಸರಿಸಿದರೆ ಮಾತ್ರ ಚೂಪಾಗಿ ಕಾಣುವುದು ಅಭ್ಯಾಸದ ಕೊರತೆಯ ಲಕ್ಷಣವಲ್ಲ, ಗಾಜು ಪಾಪೆಯ ಎದುರಿಗೆ ಕೂತಿಲ್ಲವೆಂಬುದರ ಲಕ್ಷಣ. ಅದನ್ನು ಕಂಡುಹಿಡಿಯಲು ಒಂದು ದಾರಿಯಿದೆ. ಪ್ರತಿಯೊಂದು ಪ್ರೊಗ್ರೆಸಿವ್ ಗಾಜಿನ ಮೇಲೂ, ಉಗುರಿಗೂ ತಾಗದಷ್ಟು ನವುರಾಗಿ ಕೊರೆದ ಎರಡು ಗುರುತುಗಳು 34 ಮಿಲಿಮೀಟರ್ ಅಂತರದಲ್ಲಿರುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಆ್ಯಡ್‌ನ ಅಂಕಿಯೂ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು, ಹಿಂದೊಂದು ಕಪ್ಪು ಬಟ್ಟೆ ಇಟ್ಟುಕೊಂಡು ತಾಳ್ಮೆಯಿಂದ ತಿರುಗಿಸಿದರೆ ಅವು ಮಿಂಚುತ್ತವೆ. ಅವುಗಳ ಆಧಾರದ ಮೇಲೆ, ಆಯಾ ಗಾಜಿನ ನಕ್ಷೆಯ ಪ್ರಕಾರ ಪಾಪೆ ಎಲ್ಲಿ ಬರಬೇಕೋ ಅಲ್ಲೊಂದು ಕೂಡುಚಿಹ್ನೆಯನ್ನು ಬರೆಯಬಹುದು.

ನಾನು ಮನೆಯಲ್ಲಿ ಗುರುತುಗಳನ್ನು ಹುಡುಕಿ ಮಾರ್ಕರ್ ಪೆನ್ನಿನಿಂದ ಚುಕ್ಕಿ ಇಟ್ಟುಕೊಂಡು ಹೋಗಿ, ನಕ್ಷೆ ಇಟ್ಟು ಪರೀಕ್ಷಿಸಿ ಎಂದು ಕೇಳಿದೆ. ಕೌಂಟರಿನ ಹುಡುಗ ಒಳಗೆ ಹೋಗಿ ಹಿರಿಯರೊಬ್ಬರನ್ನು ಕರೆತಂದ. ಅವರು ನನ್ನ ಮುಖದ ಮಟ್ಟಕ್ಕೆ ಸರಿಯಾಗಿ ಕುಳಿತು, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣನ್ನು ನೋಡಿ ಅಳೆದರು. ಮೂಗಿನ ನಡುವಿನಿಂದ ನನ್ನ ಬಲಪಾಪೆಗೆ 32 ಮಿಲಿಮೀಟರ್, ಎಡಪಾಪೆಗೆ 30. ಆರ್ಡರ್ ಚೀಟಿಯಲ್ಲಿದ್ದದ್ದು 62 ಎಂಬ ಒಂದೇ ಅಂಕಿ. ಗಾಜು ಮಾಡುವಲ್ಲಿ ಅದನ್ನು ಸಮನಾಗಿ ಹಂಚಿ ಮೂವತ್ತೊಂದು ಮೂವತ್ತೊಂದು ಮಾಡಿದ್ದರು. ಒಂದು ಮಿಲಿಮೀಟರ್ ತಾನೇ ಎನ್ನಬಹುದು, ಆದರೆ ನಡುಗೆರೆಯಿಂದ ಒಂದು ಬದಿಗೆ ಇರುವುದೇ ಎರಡು ಮಿಲಿಮೀಟರ್ ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದೆವಲ್ಲ, ಅದರಲ್ಲಿ ಅರ್ಧ ಅಲ್ಲೇ ಹೋಯಿತು. ಎತ್ತರದ ಅಳತೆಯನ್ನು ಮೂಗಿನ ಪ್ಯಾಡ್ ಸರಿಮಾಡುವ ಮೊದಲೇ ತೆಗೆದದ್ದರಿಂದ ಚೌಕಟ್ಟು ನಂತರ ಕೆಳಕ್ಕೆ ಜಾರಿ ಕೂತಿತ್ತು, ಗಲ್ಲ ಎತ್ತುವುದು ಆ ಕಾರಣಕ್ಕೆ. ಪ್ಯಾಡುಗಳನ್ನು ಒಳಕ್ಕೆ ಒತ್ತಿ ಚೌಕಟ್ಟನ್ನು ಮೇಲೇರಿಸಿದ್ದರಿಂದ ಕುತ್ತಿಗೆಯ ನೋವು ಆ ವಾರವೇ ಹೋಯಿತು. ಗಾಜನ್ನು ಖಾತರಿಯ ಅವಧಿಯೊಳಗೆ ಬದಲಿಸಿ ಕೊಟ್ಟರು. ಬದಲಿಸಿದ ಗಾಜು ಹಾಕಿಕೊಂಡ ಕ್ಷಣದಿಂದಲೇ ಪುಟ ಮುಖದ ನೇರಕ್ಕೆ ಬಂತು. ಅಲ್ಲಿ ಯಾವ ಅಭ್ಯಾಸದ ಅಗತ್ಯವೂ ಬೀಳಲಿಲ್ಲ.

ಆದ್ದರಿಂದ ಮೊದಲ ಬಾರಿಗೆ ಮಾಡಿಸುವವರಿಗೆ ನನ್ನ ಒತ್ತಾಯವಿಷ್ಟೆ: ಚೌಕಟ್ಟನ್ನು ಮೊದಲು ಮುಖಕ್ಕೆ ಹೊಂದಿಸಿ ಬಿಗಿಮಾಡಿಸಿಕೊಂಡು ಆಮೇಲೆ ಅಳತೆ ಕೊಡಬೇಕು, ಎರಡೂ ಕಣ್ಣಿನ ದೂರವನ್ನು ಬೇರೆ ಬೇರೆಯಾಗಿ ಬರೆಸಬೇಕು, ಅಳೆಯುವವರು ನಿಂತು ನಾವು ಕುಳಿತು ಅಳತೆ ನಡೆಯಕೂಡದು. ತೀರ ಗಿಡ್ಡ ಚೌಕಟ್ಟಿನ ಮೋಹವನ್ನೂ ಬಿಡಬೇಕಾಗುತ್ತದೆ, ಏಕೆಂದರೆ ಗಾಜಿನ ಎತ್ತರ ಸಾಲದಿದ್ದರೆ ಕಾರಿಡಾರನ್ನು ಹನ್ನೊಂದು ಮಿಲಿಮೀಟರಿಗೆ ಕುಗ್ಗಿಸಬೇಕಾಗಿ, ನಾಲ್ಕು ಮಿಲಿಮೀಟರಿನ ಓಣಿ ಮೂರಕ್ಕೆ ಇಳಿಯುತ್ತದೆ. ಅಂಗಡಿ ತುಂಬಿರುವ ಭಾನುವಾರ ಸಂಜೆ ಹೋಗಿ ಇವೆಲ್ಲ ಶಾಂತವಾಗಿ ನಡೆಯಲಿ ಎಂದು ಬಯಸಿದರೆ ಅದೂ ಅನ್ಯಾಯವೇ.

ಗಾಜಿನ ಸ್ವಭಾವದಲ್ಲೇ ಇರುವ ಮಿತಿಗಳ ಮಾತು ಬೇರೆ. ಹತ್ತಿರದ ನಂಬರು ಕೆಳಗಿರುವುದರಿಂದ, ಹತ್ತಿರವಿದ್ದೂ ಮೇಲಿರುವ ವಸ್ತುಗಳಿಗೆ ಈ ಕನ್ನಡಕ ಕೆಲಸಕ್ಕೆ ಬಾರದು. ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಡಬ್ಬಗಳಲ್ಲಿ ಯಾವುದು ಸಾರಿನ ಪುಡಿ, ಯಾವುದು ಹುಳಿಪುಡಿ ಎಂಬ ಚೀಟಿ ಓದಲು ತಲೆಯನ್ನು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಾಗಿಸಬೇಕು. ಅದಕ್ಕಿಂತ ಡಬ್ಬವನ್ನೇ ಕೆಳಗಿಳಿಸುವುದು ಲೇಸು. ದಿಂಬಿಗೊರಗಿ ಮಲಗಿಕೊಂಡು ಓದುವ ಸುಖವೂ ಇದರಲ್ಲಿ ಇಲ್ಲ, ಆಗ ನಾನು ಇಂದಿಗೂ ಕನ್ನಡಕ ತೆಗೆದಿಟ್ಟು ನನ್ನ 44 ಸೆಂಟಿಮೀಟರಿಗೇ ಶರಣಾಗುತ್ತೇನೆ. ಕಂಪ್ಯೂಟರಿನ ಪರದೆಯನ್ನು ಕಣ್ಣಿನ ಮಟ್ಟದಿಂದ ಒಂದು ಗೇಣು ಕೆಳಗಿಳಿಸಿದ್ದರಿಂದ ತಕ್ಕಮಟ್ಟಿಗೆ ಅನುಕೂಲವಾಯಿತು. ಪರೀಕ್ಷೆಯ ಮೌಲ್ಯಮಾಪನ ಕೇಂದ್ರದಲ್ಲಿ ದಿನವಿಡೀ ಉತ್ತರಪತ್ರಿಕೆ ನೋಡುವಾಗ ಮಾತ್ರ, ಬರೀ ಹತ್ತಿರಕ್ಕೆಂದು ಮಾಡಿಸಿದ ಅಗ್ಗದ ಇನ್ನೊಂದು ಕನ್ನಡಕವೇ ಸರಿ: ಅದರಲ್ಲಿ ಪುಟದ ಅಂಚಿನಿಂದ ಅಂಚಿಗೆ ಎಲ್ಲವೂ ಒಂದೇ ನೋಟಕ್ಕೆ ದಕ್ಕುತ್ತದೆ, ಓಣಿಯ ಹಂಗಿಲ್ಲ. ಪ್ರೊಗ್ರೆಸಿವ್ ಇದ್ದ ಮೇಲೆ ಎರಡನೆಯದು ಯಾಕೆ ಎಂದು ಮನೆಯಲ್ಲಿ ಕೇಳಿದರು. ಎಲ್ಲ ದೂರಕ್ಕೂ ಸಾಲುವಂತೆ ಮಾಡಿದ ಗಾಜು ಯಾವೊಂದು ದೂರಕ್ಕೂ ಪೂರ್ತಿಯಾಗಿ ಸಲ್ಲುವುದಿಲ್ಲ; ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ದೂರಕ್ಕೆ ನೋಡುವ ಕೆಲಸವಿದ್ದರೆ ಆ ದೂರಕ್ಕೇ ಒಂದು ಕನ್ನಡಕ ಇರಲಿ ಎಂಬುದು ನನ್ನ ಅನುಭವದ ಮಾತು.

ನನ್ನದು ಸರಿಹೋದದ್ದನ್ನು ಕಂಡು ಅಮ್ಮನಿಗೂ ಇಂಥದ್ದನ್ನೇ ಮಾಡಿಸೋಣವೆಂಬ ಮಾತು ಬಂತು. ಎಪ್ಪತ್ತು ದಾಟಿದ ಅವರು ನನ್ನದನ್ನು ಒಮ್ಮೆ ಮೂಗಿನ ಮೇಲಿಟ್ಟು ನೋಡಿ, “ನೆಲ ಎದ್ದು ಬಂದ ಹಾಗಾಗುತ್ತೆ ಕಣೇ, ನನಗೆ ಬೇಡ” ಎಂದರು. ಬೇರೆಯವರ ನಂಬರಿನ ಗಾಜಿನಲ್ಲಿ ಹಾಗಾಗುವುದು ಸಹಜವೇ, ಆದರೂ ನಾನು ಒತ್ತಾಯಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದವರ ಮೇಲೆ ನಡೆದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಬಳಸುವ ಹಿರಿಯರಿಗೆ ಹೊರಗೆ ಓಡಾಡಲೆಂದು ಬರೀ ದೂರದ ನಂಬರಿನ ಇನ್ನೊಂದು ಕನ್ನಡಕ ಕೊಟ್ಟು ನೋಡಿದ್ದರು. ನಿತ್ಯವೂ ಹೊರಗೆ ಓಡಾಡುವ ರೂಢಿಯಿದ್ದವರಲ್ಲಿ ಬೀಳುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಹೆಚ್ಚಾಗಿ ಮನೆಯೊಳಗೇ ಇರುವವರಲ್ಲಿ ಇದು ತಿರುವುಮುರುವಾಗಿ, ಅವರು ಅಪರೂಪಕ್ಕೆ ಹೊರಗೆ ಹೋದಾಗ ಬೀಳುವುದು ಹೆಚ್ಚಾಯಿತು. ಅಮ್ಮ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರು. ಅವರಿಗೆ ನಡೆಯಲು ದೂರದ್ದೊಂದು, ಪತ್ರಿಕೆಗೂ ಹೂ ಕಟ್ಟುವುದಕ್ಕೂ ಹತ್ತಿರದ್ದೊಂದು, ಹೀಗೆ ಎರಡು ಬೇರೆ ಕನ್ನಡಕಗಳನ್ನು ಮಾಡಿಸಿದೆವು. ಓದುವ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ.

ನನ್ನ ಆ್ಯಡ್ ಇನ್ನೆರಡು ವರ್ಷದಲ್ಲಿ 2.00 ಆಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆಗ ಇದೇ ಕಾರಿಡಾರಿನಲ್ಲಿ ಓಣಿ ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಈಗಿನ ನಾಲ್ಕು ಮಿಲಿಮೀಟರನ್ನು ಉಳಿಸಿಕೊಳ್ಳಬೇಕಾದರೆ ಕಾರಿಡಾರನ್ನು ಹದಿನಾರಕ್ಕೆ ಉದ್ದ ಮಾಡಿಸಬೇಕು, ಅದಕ್ಕೆ ಈಗಿನದಕ್ಕಿಂತ ಎತ್ತರದ ಚೌಕಟ್ಟು ಬೇಕು. ಬಲಕ್ಕೆ 32, ಎಡಕ್ಕೆ 30 ಎಂಬ ಅಳತೆಯನ್ನು ಕಣ್ಣಿನ ಚೀಟಿಯ ಹಿಂಬದಿಯಲ್ಲಿ ಬರೆದು, ಕೆಳಗೊಂದು ಗೆರೆ ಎಳೆದು ಇಟ್ಟಿದ್ದೇನೆ.